ಅಣ್ಣನ ಪಿಕಪ್ಪು, ಒಂದು ಡಬ್ಬಿ ಮತ್ತು ವಾರಂಟಿ

ಕಳೆದ ಕಕ್ಕಡದಲ್ಲಿ ನಮ್ಮ ಮನೆಯ ಪಿಕಪ್ಪು ಇಪ್ಪತ್ತನಾಲ್ಕು ದಿನ ಓಡಲಿಲ್ಲ. ಮಾದಾಪುರದ ಕಡೆ ಮಳೆ ಹೇಗೆ ಹೊಡೆಯುತ್ತದೆಂದು ಬಲ್ಲವರು, ಮಳೆಗೆ ಗಾಡಿ ನಿಂತಿತು ಎಂದುಕೊಂಡಾರು. ಮಳೆಗಲ್ಲ. ಸಾವಿರದ ಆರುನೂರ ಐವತ್ತು ರೂಪಾಯಿಯ ಒಂದು ಅಲ್ಯೂಮಿನಿಯಂ ಡಬ್ಬಿಗೆ ನಿಂತದ್ದು. ಆ ಡಬ್ಬಿ ಹಾಕಿಸು ಎಂದು ಅಣ್ಣನಿಗೆ ಹೇಳಿದವರು ನಾವೇ. (ಸುದ್ದಿ ಬರೆದೂ ಬರೆದೂ 'ನಾನು' ಎಂದು ಬರೆಯಲು ಕೈ ಬರುವುದಿಲ್ಲ. ನಾವು ಎಂದರೆ ಇಲ್ಲಿ ನಾವೊಬ್ಬರೇ, ತಪ್ಪೂ ನಮ್ಮೊಬ್ಬರದೇ.)

ಅದಕ್ಕೆ ಕ್ಯಾಚ್ ಕ್ಯಾನ್ ಎನ್ನುತ್ತಾರೆ. ಈಗ ಹೊಸ ಡೀಸೆಲ್ ಗಾಡಿ ತೆಗೆದ ಹುಡುಗರೆಲ್ಲ ಫೋನಿನಲ್ಲಿ ಇದರದೇ ವಿಡಿಯೋ ನೋಡುತ್ತಾರೆ. ನಾವೂ ನೋಡಿದ್ದೆವು. ಯಾರೋ ಡಬ್ಬಿ ಬಿಚ್ಚಿ ಕಪ್ಪು ಎಣ್ಣೆ ಸುರಿದು, "ಇದೆಲ್ಲ ನಿಮ್ಮ ಎಂಜಿನ್ ಒಳಗೆ ಹೋಗುತ್ತಿತ್ತು" ಎಂದ ಕೂಡಲೇ ಹೆದರಿಕೆ ಆಗುತ್ತದೆ.

ಆ ಮಾತು ಸುಳ್ಳಲ್ಲ. ಪಿಸ್ಟನ್ ರಿಂಗ್ ಎಷ್ಟೇ ಬಿಗಿಯಾಗಿದ್ದರೂ ಉರಿದ ಗಾಳಿಯಲ್ಲಿ ಸ್ವಲ್ಪ ಸಂದಿಯಿಂದ ಕೆಳಗೆ, ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ. ಅದು ಅಲ್ಲೇ ಕೂತರೆ ಒತ್ತಡ ಹೆಚ್ಚಿ ಸೀಲುಗಳು ಕಿತ್ತುಕೊಳ್ಳುತ್ತವೆ. ಅದಕ್ಕಾಗಿ ಬ್ರೀದರ್ ಪೈಪು. ಹಳೆಯ ಜೀಪುಗಳಲ್ಲಿ ಆ ಪೈಪಿನ ಬಾಯಿ ನೇರ ರಸ್ತೆಗೆ ತೆರೆದಿರುತ್ತಿತ್ತು, ಜೀಪು ನಿಂತಲ್ಲಿ ಎಣ್ಣೆಯ ಚುಕ್ಕೆ ಬಿಡುತ್ತಿತ್ತು. ಈಗಿನ ಗಾಡಿಗಳಲ್ಲಿ ಹಾಗೆ ಹೊರಗೆ ಬಿಡುವಂತಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲಂತೂ ಕೇಳುವುದೇ ಬೇಡ. ಆ ಹಬೆಯನ್ನು ವಾಪಸ್ ಟರ್ಬೊ ಮುಂದಿನ ಗಾಳಿ ಪೈಪಿಗೆ ಕೊಟ್ಟು, ಎಂಜಿನ್ನೇ ಸುಟ್ಟುಹಾಕುವಂತೆ ಮಾಡಿರುತ್ತಾರೆ. ಹಬೆಯ ಜೊತೆ ಎಣ್ಣೆಯ ಹನಿಗಳೂ ಹೋಗುತ್ತವೆ. ಮುಂದೆ ಹೊಗೆಯ ಮಸಿ ಬಂದು ಸೇರುವ ಜಾಗದಲ್ಲಿ ಎರಡೂ ಕಲಸಿ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ.

ಕ್ಯಾಚ್ ಕ್ಯಾನ್ ಈ ದಾರಿಯ ಮಧ್ಯೆ ಕೂರುತ್ತದೆ. ಒಳಗೆ ಜಾಲರಿ ಇರುತ್ತದೆ. ಹಬೆ ಅದಕ್ಕೆ ತಾಗಿದಾಗ ಎಣ್ಣೆ ಹನಿ ಕೆಳಗೆ ಇಳಿಯುತ್ತದೆ, ಗಾಳಿ ಮಾತ್ರ ಮುಂದೆ ಹೋಗುತ್ತದೆ. ಹೊಸ ವಿಚಾರವೇನೂ ಅಲ್ಲ. ಹಳೆಯ ಕಬ್ಬಿಣದ ಎಂಜಿನ್ನಿನ ಬುಲೆಟ್ಟಿನಲ್ಲಿ ಇಂಥ ಡಬ್ಬಿಯನ್ನು ಕಂಪೆನಿಯೇ ಕೊಡುತ್ತಿತ್ತು. ಅಪ್ಪನ ಬುಲೆಟ್ಟಿನಲ್ಲಿ ಇದ್ದದ್ದು ನಮಗೆ ನೆನಪಿದೆ. ಭಾನುವಾರ ಅದರಿಂದ ಎಣ್ಣೆ ತೆಗೆದು ಗೇಟಿನ ಕೀಲಿಗೆ ಬಿಡುತ್ತಿದ್ದರು.

ಅಣ್ಣ ಶುಂಠಿ, ಕಾಫಿ, ಬಾಳೆಗೊನೆ ಬಾಡಿಗೆಗೆ ಹೊಡೆಯುತ್ತಾನೆ. ಸುಂಟಿಕೊಪ್ಪ, ಕುಶಾಲನಗರ, ಕೆಲವೊಮ್ಮೆ ಮೈಸೂರು. ಗಾಡಿಗೆ ಎರಡನೇ ವರ್ಷ, ಸಾಲದ ಕಂತು ಇನ್ನೂ ಮೂರು ವರ್ಷ. ಎಂಜಿನ್ ಚೆನ್ನಾಗಿರಲಿ ಎಂಬ ಆಸೆಯಿಂದಲೇ ಮಾರ್ಚ್‌ನಲ್ಲಿ ಡಬ್ಬಿ ತರಿಸಿ ಊರಿನ ಗ್ಯಾರೇಜಿನಲ್ಲಿ ಹಾಕಿಸಿದೆವು. ಬೇಸಿಗೆಯಲ್ಲಿ ಎರಡು ಸಲ ಬಿಚ್ಚಿ ನೋಡಿದಾಗ ಅರ್ಧ ಲೋಟದಷ್ಟು ಎಣ್ಣೆ. ಅಣ್ಣನಿಗೆ ಖುಷಿ. ಗಾಡಿಗೆ ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸಿದ.

ಜೂನ್‌ನಲ್ಲಿ ಮಳೆ ಹಿಡಿಯಿತು. ಬಾನೆಟ್ ಎತ್ತುವವರು ಯಾರು?

ಜುಲೈ ಕೊನೆಗೆ ಸುಂಟಿಕೊಪ್ಪದಿಂದ ಮಡಿಕೇರಿ ಕಡೆ ಏರು ಹತ್ತುವಾಗ ಗಾಡಿ ಶಿಳ್ಳೆ ಹಾಕಲು ಶುರುಮಾಡಿತು. ಹಿಂದೆ ನೀಲಿ ಹೊಗೆ. ಪಿಕಪ್ ಶಕ್ತಿಯಿಲ್ಲದೆ ತೆವಳಿತು. ಶೋರೂಮಿಗೆ ಒಯ್ದರೆ ಟರ್ಬೊ ಹೋಗಿದೆ, ಅರುವತ್ತೆಂಟು ಸಾವಿರ ಎಂದರು. ವಾರಂಟಿ ಇದೆಯಲ್ಲ ಸಾರ್ ಎಂದ ಅಣ್ಣ. ಸರ್ವೀಸ್ ಅಡ್ವೈಸರ್ ಬಾನೆಟ್ ಒಳಗಿನ ಡಬ್ಬಿಗೆ ಬೆರಳು ಮಾಡಿ ತೋರಿಸಿ, ಫೋನಿನಲ್ಲಿ ಎರಡು ಫೋಟೋ ತೆಗೆದುಕೊಂಡರು. ಜಾಬ್ ಕಾರ್ಡಿನಲ್ಲಿ ಒಂದೇ ಸಾಲು: ಹೊರಗಿನ ಫಿಟ್ಟಿಂಗ್ ಇದೆ, ವಾರಂಟಿ ಅನ್ವಯಿಸುವುದಿಲ್ಲ.

ಅಣ್ಣ ಫೋನ್ ಮಾಡಿ ಹೇಳಿದ್ದು ಇಷ್ಟೇ: "ನಿನ್ನ ಡಬ್ಬಿ ನನ್ನ ಗಾಡಿ ತಿಂತು."

ನಮಗೆ ಮೊದಲು ಬಂದದ್ದು ಸಿಟ್ಟು. ಒಂದು ಡಬ್ಬಿ ಇದೆ ಎಂದ ಮಾತ್ರಕ್ಕೆ ಪೂರ್ತಿ ವಾರಂಟಿ ಹೋಗುತ್ತದೆಯೇ? ಹಾರ್ನ್ ಬದಲಿಸಿದ್ದಕ್ಕೆ ಗೇರ್‌ಬಾಕ್ಸ್ ವಾರಂಟಿ ಇಲ್ಲ ಎಂದರೆ ನಗು ಬರುವುದಿಲ್ಲವೇ? ಅಮೆರಿಕದಲ್ಲಿ 1975ರಿಂದಲೇ ಮ್ಯಾಗ್ನುಸನ್ ಮಾಸ್ ಎಂಬ ಕಾನೂನಿದೆ. ಹೊರಗಿನ ಭಾಗ ಹಾಕಿದ್ದೀರಿ ಎಂಬುದೊಂದೇ ನೆಪದಲ್ಲಿ ಅಲ್ಲಿ ವಾರಂಟಿ ತಳ್ಳಿಹಾಕುವಂತಿಲ್ಲ, ಆ ಭಾಗದಿಂದಲೇ ಕೆಟ್ಟಿತು ಎಂದು ಕಂಪೆನಿ ತೋರಿಸಬೇಕು. ನಮ್ಮ ದೇಶದಲ್ಲಿ ಅಷ್ಟು ನೇರವಾಗಿ ಹೇಳುವ ಕಾನೂನು ಇಲ್ಲ. ಹತ್ತಿರದ್ದು ಒಂದಿದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪೆನಿಗಳಿಗೆ ಎರಡೂವರೆ ಸಾವಿರ ಕೋಟಿ ರೂಪಾಯಿಗಿಂತ ಹೆಚ್ಚು ದಂಡ ಹಾಕಿದಾಗ, ಹೊರಗಿನ ಗ್ಯಾರೇಜಿಗೆ ಹೋದಿರಿ ಎಂದು ಸಾರಾಸಗಟಾಗಿ ವಾರಂಟಿ ರದ್ದು ಮಾಡಬಾರದು, ಆ ಕೆಲಸದಿಂದ ಎಷ್ಟು ಹಾನಿ ಆಗಿದೆಯೋ ಅಷ್ಟಕ್ಕೆ ಮಾತ್ರ ಮಾಡಬಹುದು ಎಂದಿತ್ತು. ಕಂಪೆನಿಗಳು ಕೋರ್ಟು ಹತ್ತಿದವು. ಅದೂ ರಿಪೇರಿಯ ಮಾತು, ಹೊಸದಾಗಿ ಜೋಡಿಸಿದ ಡಬ್ಬಿಯ ಮಾತಲ್ಲ. ಆದರೂ ಹಿಡಿದು ಮಾತಾಡಲು ಒಂದು ಕೊಂಬೆ ಸಿಕ್ಕಿತು.

ಅಷ್ಟು ಹುಡುಕಿ, ನೋಟೀಸಿನ ಕರಡನ್ನೂ ಫೋನಿನಲ್ಲಿ ಬರೆದುಕೊಂಡು ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಆ ಹೊತ್ತಿಗೆ ಡಬ್ಬಿ ಬಿಚ್ಚಿ ಬೆಂಚಿನ ಮೇಲೆ ಇಟ್ಟಿದ್ದರು. ಮುಚ್ಚಳ ತೆಗೆದರೆ ಒಳಗೆ ಕಂಠಮಟ್ಟ ಹಾಲು ಹಾಕಿದ ಕಾಫಿಯಂಥ ಗಸಿ.

"ಇದು ಎಣ್ಣೆ ಮಾತ್ರ ಅಲ್ಲ, ನೀರೂ ಇದೆ" ಎಂದರು ಅವರು. ಉರಿದ ಗಾಳಿಯಲ್ಲಿ ನೀರಿನ ಹಬೆ ಇರುತ್ತದೆ. ಥಂಡಿಯಲ್ಲಿ, ಅದರಲ್ಲೂ ಹತ್ತಿರ ಹತ್ತಿರ ಓಡಿ ನಿಲ್ಲಿಸುವ ಗಾಡಿಯಲ್ಲಿ, ತಣ್ಣಗಿರುವ ಡಬ್ಬಿಗೆ ಬಂದು ಅದು ನೀರಾಗುತ್ತದೆ. ಬಯಲುಸೀಮೆಯ ಸೆಕೆಯಲ್ಲಿ ತಿಂಗಳುಗಟ್ಟಲೆ ತುಂಬದ ಡಬ್ಬಿ ನಮ್ಮ ಮಳೆಯಲ್ಲಿ ಬೇಗ ತುಂಬುತ್ತದೆ. ಮೇಲಿಂದ, ಬ್ಯಾಟರಿ ಹಿಂದೆ ಬಗ್ಗಿಸಿ ತಂದಿದ್ದ ಹೋಸ್ ಬಿಸಿಗೆ ಮೆತ್ತಗಾಗಿ ಮಡಚಿಕೊಂಡಿತ್ತು. ಹಬೆಗೆ ದಾರಿ ಇಲ್ಲ. ಕೆಳಗೆ ಒತ್ತಡ. ಟರ್ಬೊಗೆ ಹೋದ ಆಯಿಲು ತನ್ನ ಭಾರದಿಂದಲೇ ಕೆಳಗೆ ಇಳಿದು ಸಂಪಿಗೆ ಬರಬೇಕು. ಕೆಳಗಿನಿಂದ ಒತ್ತಡ ತಳ್ಳಿದರೆ ಅದು ಇಳಿಯದೆ ಟರ್ಬೊ ಸೀಲು ದಾಟಿ ಗಾಳಿಯ ದಾರಿಗೆ ನುಗ್ಗುತ್ತದೆ. ನೀಲಿ ಹೊಗೆ ಅದೇ.

"ಹಾಗಾದರೆ ಡಬ್ಬಿಯಿಂದಲೇ ಹೋದದ್ದಾ?"

"ಹೋಗಿರಬಹುದು. ಟರ್ಬೊದ ಶಾಫ್ಟೇ ಮೊದಲು ಸವೆದಿದ್ದರೂ ಹೀಗೇ ಆಗ್ತದೆ. ಬಿಚ್ಚಿ ನೋಡದೆ ಅವರಿಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ."

ಕರಡು ಹಾಗೇ ಫೋನಿನಲ್ಲಿ ಉಳಿಯಿತು. ಡಬ್ಬಿಯ ಜೊತೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬಂದಿತ್ತು, ಇಷ್ಟಿಷ್ಟು ಕಿಲೋಮೀಟರಿಗೆ ಖಾಲಿ ಮಾಡಿ, ಥಂಡಿಯಲ್ಲಿ ಇನ್ನೂ ಬೇಗ ಮಾಡಿ ಎಂದು. ಅಣ್ಣ ಏಳನೇ ಕ್ಲಾಸು. ಓದಿ ಹೇಳಬೇಕಾದವರು ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದ ನಾವು. ಚೀಟಿ ಡಬ್ಬದ ಜೊತೆ ಒಲೆಗೆ ಹೋಗಿತ್ತು.

ಆದರೂ ಒಂದು ಮಾತು ಉಳಿಯುತ್ತದೆ. ಶೋರೂಮಿನವರೂ ಬಿಚ್ಚಿ ನೋಡಿರಲಿಲ್ಲ. ಡಬ್ಬಿ ಕಂಡರು, ಇಲ್ಲ ಎಂದರು. ತಪ್ಪು ನಮ್ಮದಿರಬಹುದು, ಆದರೆ ಅದನ್ನು ಅವರು ಕಂಡುಹಿಡಿದು ಹೇಳಬೇಕಲ್ಲ. ಹಾಗಾಗಿ ಹಳೆಯ ಕರಡನ್ನು ಅಳಿಸಿ ಬೇರೆ ಪತ್ರ ಬರೆದೆವು. ಬೈಗುಳವಿಲ್ಲ, ಎರಡೇ ಪ್ರಶ್ನೆ. ವಾರಂಟಿ ಪುಸ್ತಕದ ಯಾವ ಕಲಮಿನ ಪ್ರಕಾರ ನಿರಾಕರಿಸಿದಿರಿ? ಈ ಡಬ್ಬಿಯಿಂದ ಟರ್ಬೊ ಹೇಗೆ ಹಾಳಾಯಿತು, ಪರೀಕ್ಷೆಯ ವರದಿ ಕೊಡಿ. ಜೊತೆಗೆ ಎಲ್ಲ ಸರ್ವೀಸ್ ಬಿಲ್ಲುಗಳ ನಕಲು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ಬರೆಸಿದೆವು.

ಇಲ್ಲಿ ಒಂದು ವಿಷಯ ನಿಮಗೂ ಬೇಕಾಗಬಹುದು. ಹಳದಿ ಬೋರ್ಡಿನ ಗಾಡಿಗೆ ಗ್ರಾಹಕ ಕಾನೂನು ಇಲ್ಲ, ಅದು ವ್ಯಾಪಾರದ ಗಾಡಿ ಎಂದು ಹಲವರು ಹೇಳಿದರು. ಅರ್ಧ ನಿಜ. ವ್ಯಾಪಾರಕ್ಕೆ ಕೊಂಡವನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ಅಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡು, ತಾನೇ ಬಳಸುವವನು ಗ್ರಾಹಕನೇ ಎಂದು ಅದೇ ಕಾಯ್ದೆಯ ವಿವರಣೆ ಹೇಳುತ್ತದೆ. ಅಣ್ಣನಿಗೆ ಇರುವುದು ಒಂದು ಗಾಡಿ, ಡ್ರೈವರೂ ಅವನೇ, ಲೋಡು ಹೊರುವವನೂ ಅವನೇ. ಹತ್ತು ಲಾರಿ ಇಟ್ಟವರ ಲೆಕ್ಕ ಬೇರೆ. ಇನ್ನೊಂದು, ಶೋರೂಮು ಯಾವ ಜಿಲ್ಲೆಯಲ್ಲೇ ಇರಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗಾದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ಮೇಲಿದ್ದರೆ ಸ್ವಲ್ಪ ಇದೆ. ಎರಡು ವರ್ಷದ ಒಳಗೆ ಕೊಡಬೇಕು.

ಹತ್ತೊಂಬತ್ತನೇ ದಿನ ಫೋನ್ ಬಂತು. ವರದಿ ಕೊಡಲಿಲ್ಲ. ಒಳ್ಳೆಯ ಗಿರಾಕಿ ಎಂದು ಟರ್ಬೊದ ಬೆಲೆಯಲ್ಲಿ ಅರ್ಧ ಕಂಪೆನಿ ಹಾಕುತ್ತದೆ, ಉಳಿದರ್ಧ, ಕೂಲಿ, ಆಯಿಲು ನಿಮ್ಮದು ಎಂದರು. ಒಪ್ಪಬೇಡ, ಆಯೋಗಕ್ಕೆ ಹೋಗೋಣ, ಟರ್ಬೊ ಪರೀಕ್ಷೆಗೆ ಕಳಿಸಲಿ ಎಂದೆವು. ಇಂಥ ಕೇಸು ಜಿಲ್ಲೆಯಲ್ಲಿ ಒಂದು ತೀರ್ಮಾನ ಆದರೆ ಎಷ್ಟು ಜನರಿಗೆ ಅನುಕೂಲ ಎಂದೆವು. ನಮ್ಮ ತಲೆಯಲ್ಲಿ ಆಗಲೇ ತಲೆಬರಹ ಓಡುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ಅಣ್ಣ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. "ನಿಂಗೆ ಸುದ್ದಿ ಬೇಕು. ನಂಗೆ ಐದನೇ ತಾರೀಕು ಕಂತು ಕಟ್ಬೇಕು. ಪರೀಕ್ಷೆಯಲ್ಲಿ ಡಬ್ಬಿಯದೇ ತಪ್ಪು ಅಂತ ಬಂದ್ರೆ?" ಎಂದ. ಅತ್ತಿಗೆ ಚೀಟಿ ಹಣ ಎತ್ತಿ ಕೊಟ್ಟರು. ಎಲ್ಲ ಸೇರಿ ಮೂವತ್ತಾರು ಸಾವಿರ ಆಯಿತು. ಓಡದ ದಿನಗಳ ಬಾಡಿಗೆ ಯಾರ ಲೆಕ್ಕದಲ್ಲೂ ಇಲ್ಲ.

ಆ ಮೇಲೆ ನಮ್ಮನ್ನು ಕೇಳಿದವರಿಗೆಲ್ಲ ಇಷ್ಟು ಹೇಳುತ್ತಿದ್ದೇವೆ. ವಾರಂಟಿ ಇರುವ ತನಕ ಹಾಕಬೇಡಿ. ಹಾಕಲೇಬೇಕು ಎಂದರೆ ಮೊದಲು ಶೋರೂಮಿನಿಂದ ಬರಹದಲ್ಲಿ ಕೇಳಿ, ಕಂಪೆನಿಯ ಮೂಲ ಪೈಪನ್ನು ಕತ್ತರಿಸದೆ ಜೋಪಾನ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆಗೆದು ನೋಡಿ. ಡಬ್ಬಿಯ ಒಂದು ಬಾಯಿಯನ್ನು ಹೊರಗಿನ ಗಾಳಿಗೆ ಬಿಟ್ಟು ಕೂರಿಸುವವರಿದ್ದಾರೆ, ಅದು ಬೇಡವೇ ಬೇಡ. ಅದಕ್ಕಿಂತ ಮೊದಲು ಡಿಪ್‌ಸ್ಟಿಕ್ ನೋಡಿ. ಆಯಿಲು ಮೇಲಿನ ಗೆರೆ ದಾಟಿದ್ದರೆ ಬ್ರೀದರಿನಿಂದ ಎಣ್ಣೆ ಹೆಚ್ಚು ಹೋಗಬಹುದು. ಬಿಎಸ್ 6 ಡೀಸೆಲಿನಲ್ಲಿ ನಾವು ಹಾಕದೆಯೂ ಗೆರೆ ಮೇಲೆ ಹೋಗುವುದುಂಟು. ಹತ್ತಿರದ ಓಡಾಟದಲ್ಲಿ ಹೊಗೆಕೊಳವೆಯ ಫಿಲ್ಟರು ಮಸಿ ಸುಟ್ಟುಕೊಳ್ಳುವ ಕೆಲಸ ಅರ್ಧಕ್ಕೇ ನಿಂತು, ಸುಡಲೆಂದು ಹೆಚ್ಚಾಗಿ ಬಿಟ್ಟ ಡೀಸೆಲು ಆಯಿಲಿಗೆ ಇಳಿಯುತ್ತದೆ. ಅಂಥ ಗಾಡಿಗೆ ಬೇಕಾದದ್ದು ಡಬ್ಬಿಯಲ್ಲ. ಆಗಾಗ ಕುಶಾಲನಗರದಾಚೆಯ ನೇರ ರಸ್ತೆಯಲ್ಲಿ ಅರ್ಧ ಗಂಟೆ ಬಿಡದೆ ಓಡಬೇಕು, ಆಯಿಲು ಹೊತ್ತಿಗೆ ಸರಿಯಾಗಿ ಬದಲಿಸಬೇಕು.

ಡಬ್ಬಿಯನ್ನು ಅಣ್ಣ ಎಸೆಯಲಿಲ್ಲ. ತೊಳೆದು ಒರೆಸಿ ಕಣದ ಶೆಡ್ಡಿನ ತೊಲೆಯ ಮೇಲೆ ಇಟ್ಟಿದ್ದಾನೆ. ಆಯುಧ ಪೂಜೆಗೆ ಕತ್ತಿ, ಸ್ಪ್ಯಾನರುಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಇಟ್ಟಿದ್ದ. ನಮ್ಮ ಮುಖ ನೋಡಲಿಲ್ಲ. ಹೋದ ವಾರ ಪಕ್ಕದ ಲೈನಿನ ಹುಡುಗನೊಬ್ಬ ಹೊಸ ಪಿಕಪ್ ತೆಗೆದು ಬಂದಿದ್ದ. ಡಬ್ಬಿ ಸುಮ್ಮನೆ ಇದೆಯಲ್ಲ ಅಣ್ಣ, ಕೊಡ್ತೀರಾ ಎಂದು ಕೇಳಿದ.

"ವಾರಂಟಿ ಎಷ್ಟು ವರ್ಷ?"

"ಮೂರು ಅಣ್ಣ."

"ಹಾಗಾದ್ರೆ ಮೂರು ವರ್ಷ ಬಿಟ್ಟು ಬಾ. ಇಲ್ಲೇ ಇರ್ತದೆ."