ಜಿಲ್ಲೆಗೊಂದು ಗಂಟು

ಬೆಂಗಳೂರಿನ ಒಂದು ಕಚೇರಿಯಲ್ಲಿ ಮಳೆಯ ಲೆಕ್ಕ ಬರೆಯುತ್ತಿದ್ದ ಕಾಲ. ವಿಜಯನಗರ ಇನ್ನೂ ಬೇರೆ ಜಿಲ್ಲೆ ಆಗಿರಲಿಲ್ಲ. ಒಟ್ಟು 30 ಜಿಲ್ಲೆ. ಹೋಬಳಿಗೊಂದು ಮಳೆಮಾಪಕ, ಹದಿನೈದು ನಿಮಿಷಕ್ಕೊಂದು ಅಂಕಿ. ಮೂರೂವರೆ ವರ್ಷದ್ದು ಕೂಡಿಹಾಕಿದರೆ ಒಂದೊಂದು ಜಿಲ್ಲೆಗೆ ಹೆಚ್ಚುಕಡಿಮೆ 30 ಲಕ್ಷ ಸಾಲು. ನನ್ನ ಹತ್ತಿರ ಇದ್ದದ್ದು 8 ಜಿಬಿಯ ಲ್ಯಾಪ್‌ಟಾಪು, ಅದರೊಳಗೆ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ.

ಕೆಲಸ ದೊಡ್ಡದೇನಲ್ಲ. ಜಿಲ್ಲೆಯ ಫೈಲು ಓದು, ತಿಂಗಳ ಮೊತ್ತ ತೆಗೆ, ಅದಕ್ಕೊಂದು ನೇರ ರೇಖೆ ಹೊಂದಿಸು, ಆ ಮಾಡೆಲನ್ನು ಪಟ್ಟಿಗೆ ಸೇರಿಸು. ಇಷ್ಟನ್ನೂ ಒಂದೇ ಫಂಕ್ಷನ್ನಿನೊಳಗೆ ಬರೆದು ಸಂಜೆ ಓಡಲು ಬಿಟ್ಟೆ. ಇಪ್ಪತ್ತಾರನೆಯ ಜಿಲ್ಲೆಗೆ ಬಂದು ಮುಗ್ಗರಿಸಿತು: 22.9 ಎಂಬಿಯ ವೆಕ್ಟರಿಗೆ ಜಾಗ ಇಲ್ಲವಂತೆ!

ನನಗೆ ಸಿಟ್ಟೇ ಬಂತು. 8 ಜಿಬಿಯಲ್ಲಿ 23 ಎಂಬಿಗೆ ತತ್ವಾರವೇ? 30 ಲಕ್ಷ ಅಂಕಿ, ಒಂದೊಂದಕ್ಕೆ 8 ಬೈಟು, ಅಂದರೆ ಅದು ಒಂದೇ ಒಂದು ಅಂಕಣದ ತೂಕ. ಬಸ್ಸು ತುಂಬಿದ ಮೇಲೆ ಕೊನೆಗೆ ಹತ್ತಲು ಬಂದವನ ತೂಕವನ್ನಷ್ಟೇ ಆರ್ ಹೇಳುತ್ತದೆ. ಒಳಗೆ ಕೂತವರು ಯಾರು ಅನ್ನುವುದನ್ನು ನಾವೇ ಹುಡುಕಬೇಕು.

ಹುಡುಕಿದೆ. ಹೆಸರಿದ್ದ ಪ್ರತಿಯೊಂದನ್ನೂ ಆಬ್ಜೆಕ್ಟ್ ಸೈಜ್‌ಗೆ ಕೊಟ್ಟು ತೂಗಿದೆ. ಮಾಡೆಲುಗಳೆಲ್ಲ ಕೆಲವೇ ಕಿಲೋಬೈಟು. ಎಲ್ಲ ಸೇರಿಸಿದರೂ ಲೆಕ್ಕಕ್ಕಿಲ್ಲ. ಜಿಸಿ ಕರೆದು ಕಸ ಗುಡಿಸಿದರೆ, ಬಳಕೆಯ ಅಂಕಣದಲ್ಲಿ ಸುಮಾರು ಆರು ಸಾವಿರ ಎಂಬಿ ಹಾಗೇ ನಿಂತಿತ್ತು. ಗುಡಿಸಿದರೂ ಹೋಗುವುದಿಲ್ಲ ಎಂದರೆ ಅದು ಕಸವಲ್ಲ, ಯಾರೋ ಕೈಯಲ್ಲಿ ಹಿಡಿದಿದ್ದಾರೆ. ಯಾರು?

ಪಕ್ಕದ ಮೇಜಿನವರು ಧಾರವಾಡದ ಮೇಡಂ. ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟವರು ನಿಂತು ನೋಡಿದರು. "ಒಂದು ಮಾಡೆಲ್ ಫೈಲಿಗೆ ಬರದು ನೋಡ್ರಿ," ಅಂದರು. ಬರೆದೆ. ತಕ್ಕಡಿಯಲ್ಲಿ ಕಿಲೋಬೈಟು ತೂಗಿದ್ದು ಡಿಸ್ಕಿನ ಮೇಲೆ, ಅದೂ ಒತ್ತಿ ಮಡಿಸಿಟ್ಟ ಮೇಲೆ, ಮೂವತ್ತು ಎಂಬಿ ದಾಟಿತು. "ಸೊಂಟಕ್ಕ ಗಂಟು ಕಟ್ಟಿಕೊಂಡು ಬಂದೈತಿ ನೋಡ್ರಿ. ನಿಮ್ಮ ತಕ್ಕಡಿ ಆ ಗಂಟು ತೂಗಂಗಿಲ್ಲ."

ಗಂಟು ಇದ್ದದ್ದು ಮಾಡೆಲಿನ ಫಾರ್ಮುಲಾದಲ್ಲಿ. ಆಕ್ಲೆಂಡಿನಲ್ಲಿ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಇಬ್ಬರೂ ಆರ್ ಕಟ್ಟಿದಾಗ ಸ್ಕೀಮ್ ಭಾಷೆಯಿಂದ ಒಂದು ಗುಣ ತಂದರು: ಫಂಕ್ಷನ್ ತಾನು ಹುಟ್ಟಿದ ಮನೆಯನ್ನು ಮರೆಯುವುದಿಲ್ಲ. ಫಾರ್ಮುಲಾದ್ದೂ ಅದೇ ಚಾಳಿ. ರೇಖೆ ಹೊಂದಿಸುವ ಎಲ್‌ಎಂ ಕೊಟ್ಟ ಮಾಡೆಲು ಆ ಫಾರ್ಮುಲಾದ ಜೊತೆ ನನ್ನ ಫಂಕ್ಷನ್ನಿನ ಇಡೀ ಮನೆಯನ್ನೇ ಹೊತ್ತು ತಂದಿತ್ತು. ಅದರ ಅಟ್ಟದಲ್ಲಿ ಜಿಲ್ಲೆಯ ಹಸಿ ಟೇಬಲ್ಲು, ಹತ್ತು ಅಂಕಣ, ಸುಮಾರು 229 ಎಂಬಿ. ಆಬ್ಜೆಕ್ಟ್ ಸೈಜ್ ಈ ಮನೆಯೊಳಗೆ ಇಣುಕುವುದೇ ಇಲ್ಲ. (ಇದು ಅದರ ಕೈಪಿಡಿಯಲ್ಲೇ ಇದೆ. ಕೈಪಿಡಿ ಓದುವವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.)

ಜಾಣತನ ತೋರಲು ಹೋಗಿ, ಮಾಡೆಲಿನ ಟರ್ಮ್ಸ್‌ಗೆ ಅಂಟಿದ್ದ ಆ ಮನೆಯನ್ನು, ಅಂದರೆ ಎನ್ವಿರಾನ್‌ಮೆಂಟನ್ನು, ಕಿತ್ತು ಹಾಕಿದೆ. ಒಂದು ಎಂಬಿಯೂ ಇಳಿಯಲಿಲ್ಲ. ಟರ್ಮ್ಸ್‌ನದೇ ಇನ್ನೊಂದು ಪ್ರತಿ ಒಳಗಿನ ಮಾಡೆಲ್ ಫ್ರೇಮಿಗೂ ಅಂಟಿಕೊಂಡಿರುತ್ತದೆ. ಒಂದು ಹಗ್ಗ ಕೊಯ್ದರೆ ಇನ್ನೊಂದು ಹಿಡಿದಿರುತ್ತದೆ. ಮೇಡಂ ನಗುತ್ತ ಕೀಬೋರ್ಡ್ ತಮ್ಮತ್ತ ಎಳೆದುಕೊಂಡು, ತಿಂಗಳ ಮೊತ್ತ ತೆಗೆದ ಸಾಲಿನ ಕೆಳಗೆ ಒಂದೇ ಸಾಲು ಸೇರಿಸಿದರು: ಅಳಿಸುವ ಆರ್‌ಎಂ, ಕಂಸದಲ್ಲಿ ಹಸಿ ಟೇಬಲ್ಲಿನ ಹೆಸರು. "ಮನೀ ಬಿಡೂಕಿಂತ ಮೊದಲ ಅಟ್ಟ ಖಾಲಿ ಮಾಡ್ರಿ," ಎಂದು ಬಸ್ಸಿಗೆ ಹೋದರು.

ಆ ರಾತ್ರಿ ಮೂವತ್ತೂ ಜಿಲ್ಲೆ ದಾಟಿತು. ಕೊನೆಯಲ್ಲಿ ಜಿಸಿ ಕೇಳಿದರೆ ಬಳಕೆ ನೂರು ಎಂಬಿಗೂ ಕೆಳಗೆ. ಆದರೆ ನಮ್ಮ ಮಳೆಗೆ ಆ ನೇರ ರೇಖೆ ಒಗ್ಗಲಿಲ್ಲ. ವರದಿಯಲ್ಲಿ ಒಂದು ಮಾಡೆಲನ್ನೂ ಬಳಸಲಿಲ್ಲ.