ರೊಟ್ಟಿ ಮುರದು ಮಾಡೋ ಹಬ್ಬದ ಅಡಗಿ

ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಅಮೆರಿಕಾದಾಗ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ನಾವಿರೋ ಅಲಬಾಮಾ ಕಡೆ ಆವತ್ತು ಟರ್ಕಿ ಕೋಳಿ ಜೋಡಿ ಕಾರ್ನ್‌ಬ್ರೆಡ್ ಡ್ರೆಸ್ಸಿಂಗ್ ಇರಾಕಬೇಕು. ಹೆಸರು ಕೇಳಿ ಅಂಜಬ್ಯಾಡ್ರಿ. ಉಳಿದ ರೊಟ್ಟಿ ಮುರದು ಉಳ್ಳಾಗಡ್ಡಿ ಒಗ್ಗರಣಿ ಹಾಕ್ತೀವಲ್ಲ, ಅದರ ತಂಗಿ ಇದು. ನಮ್ಮದು ಬಿಳಿಜೋಳ, ಇವರದು ಗೋಂಜೋಳ. ಕೋಳಿ ಹೊಟ್ಟ್ಯಾಗ ತುಂಬಿದ್ರ ಸ್ಟಫಿಂಗ್, ಬ್ಯಾರೆ ಭಾಂಡೆದಾಗ ಬೇಯಿಸಿದ್ರ ಡ್ರೆಸ್ಸಿಂಗ್ ಅಂತ ಇಲ್ಲಿಯವರ ಲೆಕ್ಕ.

ನಮ್ಮ ಬಾಜೂ ಮನಿ ಅಜ್ಜಿಗೆ ನಾವು ಮಾಂಸ, ತತ್ತಿ ತಿನ್ನಂಗಿಲ್ಲ ಅಂತ ಒಮ್ಮೆ ಹೇಳಿದ್ದೆ, ಅಷ್ಟ. ಆಮ್ಯಾಲೆ ಪ್ರತಿ ಹಬ್ಬಕ್ಕೂ ಕೋಳಿ ಸಾರಿನ ಬದಲಿ ತರಕಾರಿ ಕುದಿಸಿದ ನೀರು ಹಾಕಿ, ತತ್ತಿ ಬಿಟ್ಟು, ನಮಗಂತ ಸಣ್ಣ ಭಾಂಡೆದಾಗ ಬ್ಯಾರೆನ ಮಾಡಿ ಕಳಸ್ತಿದ್ರು. ಹೋದ ವರ್ಷ ಅವರ ಕೈ ನಡಗಾಕ ಹತ್ತಿ, ಬೀಡಿನ ಹಂಚು ಎತ್ತಾಕ ಆಗಲಿಲ್ಲ. "ಈ ಸಲ ನೀನ ಮಾಡು, ನಾ ಕುಂತು ಹೇಳ್ತೀನಿ" ಅಂದ್ರು.

ನಾ ಶಾಣ್ಯಾಕಿ ಆಗಿ, ಅಂಗಡಿ ಪಾಕೀಟಿನ ಹಿಟ್ಟು ತಂದು ಬ್ರೆಡ್ಡು ಬೇಯಿಸಿಕೊಂಡು ಹೋದೆ. ಅಜ್ಜಿ ಒಂದು ಚೂರು ಬಾಯಾಗ ಹಾಕ್ಕೊಂಡು, "ಕೇಕ್ ಛಲೋ ಆಗೇತಿ. ಈಗ ಬ್ರೆಡ್ಡು ಮಾಡು" ಅಂದ್ರು. ಅದಕ್ಕ ಸಕ್ಕರಿ ಹಾಕಿದ್ರಂತ. ಈ ಅಡಗಿಗೆ ಸಿಹಿ ಬ್ರೆಡ್ಡು ನಡಿಯಂಗಿಲ್ಲ.

ಅಳತಿ ಕೇಳಿದ್ರ, "ನೋಡಿದ್ರ ಗೊತ್ತಾಗತೈತಿ" ಅಂದ್ರು. ನನಗ ಎದಿ ಧಸಕ್ ಅಂತು. ನಮ್ಮವ್ವನ ಮಾತು ಅದು. ಮಾದಲಿನೂ ಹಿಂಗ, ರೊಟ್ಟಿ ಬೇಯಿಸಿ ಪುಡಿ ಮಾಡೋದು. "ಬೆಲ್ಲ ಎಷ್ಟವ್ವಾ?" ಅಂದ್ರ "ಹಿಡಿದಷ್ಟು" ಅಂತಿದ್ಲು. ನಾನೂ ನಕ್ಕು ಸುಮ್ಮನಾಗಿದ್ದೆ. ಅವ್ವ ಹೋದ್ಲು, ಅಳತಿನೂ ಹೋತು. ಎಷ್ಟು ಸಲ ಮಾಡಿದ್ರೂ ಆ ರುಚಿ ಬಂದಿಲ್ಲ.

ಅದಕ್ಕ ಈ ಸಲ ಬಿಡಲಿಲ್ಲ. ಅಜ್ಜಿ ಹಿಡಿ ತುಂಬಿದ್ದೆಲ್ಲಾ ಮೊದಲ ನನ್ನ ಕಪ್ಪಿನಾಗ ಹಾಕಿಸಿಕೊಂಡು ಬರಕೊಂಡೆ. ಸಿಟ್ಟಿಗೆದ್ರು, ಆಮ್ಯಾಲೆ ನಕ್ರು.

ತತ್ತಿ ಇಲ್ಲದ್ದು ಹಿಂಗ: ಸಣ್ಣ ರವಾದಂಗಿರೋ ಗೋಂಜೋಳದ ಹಿಟ್ಟು 2 ಕಪ್, ಮೈದಾ ಅರ್ಧ ಕಪ್, ಬೇಕಿಂಗ್ ಪೌಡರ್ 2 ಚಮಚ, ಸೋಡಾ ಅರ್ಧ ಚಮಚ, ಉಪ್ಪು 1 ಚಮಚ, ಕಾಸಿದ ಬೆಣ್ಣಿ ಕಾಲು ಕಪ್, ಗಟ್ಟಿ ಮಜ್ಜಿಗಿ ಸುಮಾರು 2 ಕಪ್. ಬೀಡಿನ ಹಂಚು ಎಣ್ಣಿ ಸವರಿ ಓವನ್ನಿನಾಗ ಕಾಸಿರಬೇಕು, ಹಿಟ್ಟು ಸುರುವಿದ್ರ ಚುರ್ ಅನ್ನಬೇಕು. ಅಂದ್ರನ ತಳ ಗರಿ ಆಗೋದು. 220 ಡಿಗ್ರಿ ಸೆಲ್ಸಿಯಸ್‌ನಾಗ 20-25 ನಿಮಿಷ. ಒಂದು ರಾತ್ರಿ ಹಂಗ ಇಟ್ಟು, ಮರುದಿನ ಪುಡಿ ಮಾಡ್ರಿ.

1 ಉಳ್ಳಾಗಡ್ಡಿ, 3 ದಂಟು ಸೆಲರಿ ಸಣ್ಣಗ ಹೆಚ್ಚಿ ಬೆಣ್ಣ್ಯಾಗ ಮೆತ್ತಗ ಹುರೀರಿ. ಒಣಗಿದ ಸೇಜ್ ಎಲಿ ಪುಡಿ ಒಂದೂವರಿ ಚಮಚ, ಮೆಣಸಿನ ಪುಡಿ. ಸೇಜ್ ಹೆಚ್ಚಾದ್ರ ಕಹಿ, ಹುಷಾರು. ತರಕಾರಿ ನೀರು ಎರಡೂವರಿಯಿಂದ 3 ಕಪ್. ಕಲಿಸಿದ್ದು ಚಮಚದಿಂದ ಜಾರಬೇಕು. "ಇಷ್ಟು ನೀರಾ?" ಅಂದೆ. "ಬ್ರೆಡ್ಡು ಕುಡೀತೈತಿ, ಗಟ್ಟಿ ಇಟ್ರ ಹೊಟ್ಟು ತಿಂದಂಗ ಆಗತೈತಿ" ಅಂದ್ರು ಅಜ್ಜಿ. 175 ಡಿಗ್ರಿಯೊಳಗ 45 ನಿಮಿಷ, ಮ್ಯಾಲೆ ಕೆಂಪಗಾಗೋ ಮಟ.

ಹಬ್ಬದ ದಿನ ಅಜ್ಜಿ ಒಂದು ತುತ್ತು ತಿಂದು, "ಸೇಜ್ ಚೂರು ಕಡಿಮಿ" ಅಂದ್ರು. ಎರಡನೇ ಸಲ ಹಾಕಿಸಿಕೊಂಡ್ರು. ಹೋಗೋ ಮುಂದ ಕಿವ್ಯಾಗ, "ಆ ಚೀಟಿ ಇನ್ನೊಂದು ಬರದು ಕೊಡ್ತಿಯೇನು? ನನ್ನ ಮೊಮ್ಮಗಳಿಗೆ ಬೇಕು" ಅಂದ್ರು. ಆವತ್ತ ರಾತ್ರಿ ಬರದು ಕೊಟ್ಟೆ.

ಅಕ್ಕಗೋಳ್ರಾ, ನಿಮ್ಮ ಮನ್ಯಾಗ ಅವ್ವ, ಅತ್ತಿ ಇನ್ನೂ ಮಾದಲಿ ಮಾಡ್ತಿದ್ರ, ಈ ಸಂಕ್ರಾಂತಿಗೆ ಒಂದು ಕಪ್ಪು, ಪೆನ್ನು ಹಿಡಕೊಂಡು ಬಾಜೂಕ ಕುಂದರ್ರಿ. ಬೈದ್ರ ಬೈಸಿಕೊಳ್ರಿ. ಬೆಲ್ಲ ಎಷ್ಟು ಹಿಡೀತು ಅಂತ ನನಗೂ ಒಂದು ಮಾತು ಹೇಳ್ರಿ.