ಘಾಟಿ ಹತ್ತಿ ಬರುತ್ತಿದ್ದ ಮೀನು

ಎರಡು ದಿನ ಬಿಡುವು ಮಾಡಿಕೊಂಡು ಮಲ್ಪೆಗೆ ಹೋಗಿ, ಹೊಟ್ಟೆ ತುಂಬ ಮೀನು ತಿಂದು, ಕಡಲಿನಲ್ಲಿ ಹೊತ್ತು ಮುಳುಗುವುದನ್ನು ನೋಡಿಕೊಂಡು ಬರೋಣ ಎಂಬ ಮಾತು ನಮ್ಮ ಮನೆಯಲ್ಲಿ ಎದ್ದದ್ದು ಜುಲೈ ತಿಂಗಳಲ್ಲಿ. ಶಿವಮೊಗ್ಗದಲ್ಲಿ ಜುಲೈ ಎಂದರೆ ಒಗೆದ ಬಟ್ಟೆ ಒಣಗದ, ಗೋಡೆ ಬೆವರುವ, ನಾಲಿಗೆ ಖಾರವನ್ನೇ ಬೇಡುವ ತಿಂಗಳು. ಮೀನಿನ ಆಸೆ ಹುಟ್ಟುವುದೂ ಆಗಲೇ. ಹೆಂಡತಿ ಕ್ಯಾಲೆಂಡರ್ ಕೆಳಗಿಳಿಸಿ ಮಗಳ ಟೆಸ್ಟ್ ಇಲ್ಲದ ಶನಿವಾರ, ಭಾನುವಾರ ಹುಡುಕಿದಳು. ಭಾವ ತಮ್ಮ ಹೊಸ ಕಾರು ತರುವುದಾಗಿ ಹೇಳಿದರು. ಮಗಳು ಮೊಬೈಲಿನಲ್ಲಿ ತವಾ ಫ್ರೈ ಚಿತ್ರಗಳನ್ನು ಒಂದರ ಮೇಲೊಂದು ತೋರಿಸಿ ಎಲ್ಲರ ಬಾಯಲ್ಲೂ ನೀರು ತರಿಸಿದಳು. ಇಷ್ಟೆಲ್ಲ ಆದ ಮೇಲೆ, ಹಿಂದೆ ನನ್ನ ಜತೆ ಕೆಲಸ ಮಾಡಿ ಈಗ ಮಲ್ಪೆ ಕಡೆ ತಮ್ಮ ಊರಿನಲ್ಲೇ ಇರುವ ಗೆಳೆಯರನ್ನು ಒಂದು ಮಾತು ಕೇಳೋಣ ಎಂದು ಫೋನ್ ಮಾಡಿದೆ.

"ಈಗ ಬಂದು ಎಂತ ಮಾಡ್ತೀರಿ ಮಾರಾಯ್ರೆ? ಬೋಟೆಲ್ಲ ದಡದಲ್ಲಿ ಉಂಟು."

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಹಳಷ್ಟು ಮೀನು ಮೊಟ್ಟೆ ಇಡುವ ಕಾಲ ಅದು. ಕಡಲೂ ಆಗ ಯಾರ ಮಾತೂ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಸಣ್ಣ ನಾಡದೋಣಿಗಳಿಗೆ ಅಡ್ಡಿಯಿಲ್ಲ. ಅಬ್ಬರ ಕೊಂಚ ಇಳಿದ ದಿನ ಅವು ಹೋಗಿ ತಂದಷ್ಟೇ ತಾಜಾ ಮೀನು.

"ಮತ್ತೆ ಹೋಟೆಲಿನಲ್ಲಿ ಏನು ಕೊಡ್ತಾರೆ?"

"ಮೀನೇ ಕೊಡ್ತಾರೆ. ಆಚೆ ಕಡಲಿನದ್ದು."

ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಹಿಡಿದು ಜೂನ್ 14ಕ್ಕೆ ಬಿಡುತ್ತದೆ. ನಮ್ಮ ಬೋಟುಗಳು ದಡದಲ್ಲಿ ಬಣ್ಣ ಬಳಿಸಿಕೊಳ್ಳುತ್ತಿರುವಾಗ ತಮಿಳುನಾಡು, ಆಂಧ್ರದ ಬೋಟುಗಳು ಕೆಲಸಕ್ಕೆ ಹೊರಟಿರುತ್ತವೆ. ಅಲ್ಲಿಯ ಮೀನು ಐಸಿನ ಮೇಲೆ ಮಲಗಿ ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಅರಬ್ಬೀ ಸಮುದ್ರವನ್ನು ಕಣ್ತುಂಬ ನೋಡುತ್ತ ಬಂಗಾಳ ಕೊಲ್ಲಿಯ ಅಂಜಲ್ ತಿನ್ನುವ ಯೋಗ ಬೇಕಿದ್ದರೆ ಜುಲೈಯಲ್ಲಿ ಬನ್ನಿ ಎಂದು ನಕ್ಕರು. ಹೆಂಡತಿ ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು.

ನಾನು ಚಿಕ್ಕವನಿದ್ದಾಗ ಇಂಥ ಲೆಕ್ಕಾಚಾರವೇ ಇರಲಿಲ್ಲ. ಕಡಲಿಗೆ ನಾವು ಹೋಗುತ್ತಿರಲಿಲ್ಲ, ಕಡಲೇ ನಮ್ಮಲ್ಲಿಗೆ ಬರುತ್ತಿತ್ತು. ತೀರ್ಥಹಳ್ಳಿ ಕಡೆಯ ಅಜ್ಜಿಯ ಮನೆಗೆ ಅದು ಬರುತ್ತಿದ್ದುದು ಮಳೆ ಹಿಡಿಯುವ ಮುಂಚೆ, ಒಣಮೀನಿನ ರೂಪದಲ್ಲಿ. ಮೇ ತಿಂಗಳ ಸಂತೆಯಲ್ಲಿ ಒಣ ಬಂಗುಡೆ, ಒಣ ನಂಗು, ಒಣ ಸೀಗಡಿಯನ್ನು ಮಳೆಗಾಲಕ್ಕೆಂದು ಕೊಳ್ಳುತ್ತಿದ್ದರು. ಅಕ್ಕಿ, ಬೆಲ್ಲ, ಸೌದೆಯ ಹಾಗೆ ಅದೂ ಜೀವನದ ಸಾಮಾನೇ. ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವ ಕಡೆ, ಬೆಕ್ಕು ಹಾರಿದರೂ ಎಟುಕದ ಎತ್ತರದಲ್ಲಿ ಅದಕ್ಕೆ ಜಾಗ.

ಆ ನಂಗು ಒಂದು ವಿಚಿತ್ರ ಮೀನು. ಚಪ್ಪಟೆ ನಾಲಿಗೆಯಂಥ ಮೈ, ಎರಡು ಕಣ್ಣೂ ಒಂದೇ ಕಡೆ. ಅಜ್ಜಿ ಅದನ್ನು ಕೆಂಡದ ಮೇಲಿಟ್ಟು ಇಕ್ಕಳದಲ್ಲಿ ತಿರುಗಿಸುತ್ತಿದ್ದಳು. ಅಂಚು ಮೊದಲು ಸುರುಟಿಕೊಳ್ಳುತ್ತಿತ್ತು, ಆಮೇಲೆ ಚರ್ಮ ಚಿಟಚಿಟ ಅನ್ನುತ್ತಿತ್ತು, ವಾಸನೆ ಅಂಗಳ ದಾಟಿ ಗದ್ದೆಯಲ್ಲಿ ನೆಟ್ಟಿ ಮಾಡುತ್ತಿದ್ದವರವರೆಗೂ ಹೋಗುತ್ತಿತ್ತು. ಬೂದಿ ಕೊಡವಿ, ಮುಳ್ಳು ತೆಗೆದು, ತೆಂಗಿನ ತುರಿ, ಸೂಜಿಮೆಣಸು, ಚೂರು ಹುಣಸೆಹಣ್ಣಿನ ಜತೆ ಒರಳಲ್ಲಿ ಹಾಕಿ ಜಜ್ಜುವಳು. ನುಣ್ಣಗೆ ರುಬ್ಬಿದರೆ ರುಚಿ ಕೆಟ್ಟಿತು ಎಂದೇ ಲೆಕ್ಕ. ಕೊನೆಗೆ ಹಸಿ ಈರುಳ್ಳಿ. ಬಿಸಿ ಗಂಜಿಯ ಅಂಚಿಗೆ ಗೋಲಿಯಷ್ಟು ಇಟ್ಟುಕೊಂಡರೆ ಒಂದು ಬಟ್ಟಲು ಇಳಿಯುತ್ತಿತ್ತು. ಉಪ್ಪನ್ನು ಬೇರೆ ಹಾಕುವ ಮಾತೇ ಇಲ್ಲ, ಅದು ಮೀನಿನಲ್ಲೇ ಘಾಟಿ ಹತ್ತಿ ಬಂದಿರುತ್ತಿತ್ತು.

ಆ ಉಪ್ಪಿಗೆ ಒಂದು ದೊಡ್ಡ ಸರ್ಕಾರಿ ಇತಿಹಾಸವಿದೆ. ಬ್ರಿಟಿಷರ ಕಾಲದಲ್ಲಿ ಉಪ್ಪಿನ ಮೇಲೆ ಭಾರೀ ಸುಂಕ. ಬುಟ್ಟಿಗಟ್ಟಲೆ ಮೀನಿಗೆ ಆ ಬೆಲೆಯ ಉಪ್ಪು ಹಾಕಿದರೆ ಮೀನುಗಾರನಿಗೆ ಉಳಿಯುವುದೇನು? ಹಾಗಾಗಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮದರಾಸು ಸರ್ಕಾರ ತನ್ನ ಕರಾವಳಿಯ ಉದ್ದಕ್ಕೂ ಮೀನಿಗೆ ಉಪ್ಪು ಹಾಕುವ ಯಾರ್ಡುಗಳನ್ನು ತೆರೆಯಿತು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಯಾರ್ಡಿನೊಳಗೆ ಸುಂಕವಿಲ್ಲದ ಉಪ್ಪು ಸಿಗುತ್ತಿತ್ತು. ಆದರೆ ಅದನ್ನು ಬೇಲಿಯೊಳಗೇ ಮೀನಿಗೆ ಸವರಬೇಕು, ಹೊರಗೆ ಒಯ್ಯುವಂತಿಲ್ಲ. ಮೀನಿನ ಹೊಟ್ಟೆಯೊಳಗೆ ಕೂತ ಉಪ್ಪು ಮಾತ್ರ ಅಧಿಕಾರಿಗಳ ಕಣ್ಣೆದುರೇ ರಾಜಾರೋಷವಾಗಿ ಹೊರಬೀಳಬಹುದಿತ್ತು. ಅಲ್ಲಿಂದ ಬುಟ್ಟಿಯಲ್ಲಿ, ತಲೆಹೊರೆಯಲ್ಲಿ, ಹೇರೆತ್ತಿನ ಬೆನ್ನಿನಲ್ಲಿ ಸೋಮೇಶ್ವರ ದಾಟಿ ಆಗುಂಬೆ ಹತ್ತಿದರೆ ಮೈಸೂರು ಸಂಸ್ಥಾನ. 1956ರ ನವೆಂಬರ್ 1ರವರೆಗೂ ಘಾಟಿಯ ಮೇಲೊಂದು ರಾಜ್ಯ, ಕೆಳಗೊಂದು ರಾಜ್ಯ. ಅಜ್ಜಿ ಮದುವೆಯಾಗಿ ಬಂದ ಕಾಲದಲ್ಲಿ ಆ ಮನೆಯ ಅಟ್ಟದಲ್ಲಿದ್ದದ್ದು, ಸರಿಯಾಗಿ ನೋಡಿದರೆ, ಹೊರರಾಜ್ಯದ ಮಾಲು. ಅವಳಿಗೆ ಇದನ್ನು ಹೇಳಿದ್ದರೆ "ಹೌದಾ, ಈಗ ಊಟ ಮಾಡು" ಅನ್ನುತ್ತಿದ್ದಳು.

ತಾಜಾ ಮೀನು ಘಾಟಿ ಹತ್ತಬೇಕಾದರೆ ಉಪ್ಪಿನ ಜಾಗಕ್ಕೆ ಐಸ್ ಬರಬೇಕಿತ್ತು. 1952ರಲ್ಲಿ ನಾರ್ವೆ ದೇಶದ ಜತೆ ಒಂದು ಒಪ್ಪಂದವಾಗಿ, ಕೇರಳದ ಕೊಲ್ಲಂ ಹತ್ತಿರದ ನೀಂಡಕರದಲ್ಲಿ ಇಂಜಿನ್ ದೋಣಿ, ಐಸ್ ಕಾರ್ಖಾನೆಗಳ ಯೋಜನೆ ಶುರುವಾಯಿತು. 60ರ ದಶಕದಲ್ಲಿ ಅದು ಕಾರವಾರಕ್ಕೂ ಕಾಲಿಟ್ಟಿತು. ದೂರದ ಚಳಿದೇಶದವರು ಬಂದು ನಮಗೆ ಐಸ್ ಕಲಿಸಿದ್ದು ಒಂದು ರೀತಿಯಲ್ಲಿ ನ್ಯಾಯವೇ. ಅದರ ಫಲ ನಮ್ಮ ಕೇರಿಗೆ ಮುಟ್ಟುವ ಹೊತ್ತಿಗೆ ಅದು ಬಜಾಜ್ ಎಂ 80 ಗಾಡಿಯ ಹಿಂದೆ ಕಟ್ಟಿದ ಪೆಟ್ಟಿಗೆಯಾಗಿತ್ತು. ಪೋಂ ಪೋಂ ಎಂಬ ಆ ರಬ್ಬರ್ ಹಾರನ್ನಿಗೆ ಮೊದಲು ಓಡಿ ಬರುತ್ತಿದ್ದುದು ಬೆಕ್ಕುಗಳು, ಆಮೇಲೆ ಮಕ್ಕಳು, ಕೊನೆಗೆ ಪಾತ್ರೆ ಹಿಡಿದ ಹೆಂಗಸರು. ಅಮ್ಮ ಮೀನಿನ ಕಿವಿರು ಎತ್ತಿ ಕೆಂಪಿದೆಯೇ ನೋಡಿ, ಬೆನ್ನು ಒತ್ತಿ ಬೆರಳಿನ ಗುರುತು ಉಳಿಯದಿದ್ದರೆ ಮಾತ್ರ ಬೆಲೆ ಕೇಳುತ್ತಿದ್ದಳು. ಆದರೂ ಅಜ್ಜಿಗೆ ಆ ಪೆಟ್ಟಿಗೆಯ ಮೇಲೆ ನಂಬಿಕೆ ಹುಟ್ಟಲಿಲ್ಲ. ತಣ್ಣಗಿರುವುದೆಲ್ಲ ಹಳತನ್ನು ಮುಚ್ಚಿಡುವ ಉಪಾಯ ಎಂಬುದು ಅವಳ ವಾದ. ಫ್ರಿಜ್ ಇರುವ ಯಾವ ಮನೆಯಲ್ಲೂ ಈ ವಾದಕ್ಕೆ ಉತ್ತರ ಸಿಕ್ಕಿಲ್ಲ.

ಐಸಿನ ಜೋರು ನೋಡಬೇಕಾದರೆ ಮಲ್ಪೆ ಬಂದರಿಗೇ ಹೋಗಬೇಕು. ಹಿಂದೊಮ್ಮೆ ಹೋದಾಗ ಕಂಡದ್ದು: ಆಳಸಮುದ್ರಕ್ಕೆ ಹೊರಟ ಬೋಟೊಂದರ ಹೊಟ್ಟೆಗೆ ಐಸ್ ತುಂಬುತ್ತಿದ್ದರು. ಆಳುದ್ದದ ಐಸ್ ಗಡ್ಡೆಯನ್ನು ಯಂತ್ರದ ಬಾಯಿಗೆ ನೂಕಿದರೆ ಕಿವಿ ಗುಂಯ್ ಅನ್ನುವ ಸದ್ದು. ಇನ್ನೊಂದು ತುದಿಯಿಂದ ಪುಡಿ ಧೋ ಎಂದು ಸುರಿಯುತ್ತಿತ್ತು. ಒಳಗಿದ್ದ ಹುಡುಗ ಮಂಡಿಯವರೆಗೆ ಐಸಿನಲ್ಲಿ ನಿಂತು ಬರಿಗಾಲಲ್ಲಿ ಅದನ್ನು ಮಟ್ಟ ಮಾಡುತ್ತಿದ್ದ. ಹೊರಗೆ ಬೆವರು ಸುರಿಸುವ ಸೆಕೆ. ವಾರ, ಹತ್ತು ದಿನ ಕಡಲಲ್ಲಿರುವ ಬೋಟಿಗೆ ಡೀಸೆಲ್ಲಿನಷ್ಟೇ ಅದೂ ಮುಖ್ಯ. ಐಸ್ ಮುಗಿದರೆ ಬಲೆಗೆ ಎಷ್ಟು ಬಿದ್ದರೂ ತಿರುಗಲೇಬೇಕು. ಪಕ್ಕದಲ್ಲಿ ಹರಾಜು. ಬುಟ್ಟಿ ಸುರಿದ ಕ್ಷಣಕ್ಕೆ ಬೆಲೆ ಏರುತ್ತಿತ್ತು, ಮೊಗವೀರ ಹೆಂಗಸರು ತುಳುವಿನಲ್ಲಿ ಎರಡೇ ಮಾತಿಗೆ ಮುಗಿಸುತ್ತಿದ್ದರು. ನಾನು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮೀನೂ ಇರಲಿಲ್ಲ, ಅವರೂ ಇರಲಿಲ್ಲ.

ಇಂಜಿನ್ ಬರುವ ಮುಂಚೆ ಇಲ್ಲಿ ರಂಪಣಿಯ ಕಾಲ. ದೋಣಿಯಲ್ಲಿ ಬಲೆಯನ್ನು ಕಡಲಿಗೊಯ್ದು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯನ್ನು ದಡದಿಂದ ಹತ್ತಾರು ಮಂದಿ ಎಳೆಯುವುದು. ಬಂಗುಡೆ, ಬೂತಾಯಿಯ ಹಿಂಡು ದಡದ ಹತ್ತಿರ ಬಂದರೆ ಊರಿಗೆ ಊರೇ ಹಗ್ಗಕ್ಕೆ ಕೈಹಾಕುತ್ತಿತ್ತು. 70ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ಹಿಂಡನ್ನು ನಡುಗಡಲಲ್ಲೇ ಸುತ್ತುಹಾಕತೊಡಗಿದವು. ದಡಕ್ಕೆ ಮೀನು ಬರುವುದೇ ನಿಂತು ರಂಪಣಿ ಮೂಲೆ ಸೇರಿತು. ಈಗ ಪ್ರವಾಸಿಗರು ವಿಡಿಯೊ ಮಾಡುವ ಕೈರಂಪಣಿ ಅದರ ಮೊಮ್ಮಗು.

ಬೂತಾಯಿಯ ಸುದ್ದಿ ಬಂದರೆ ಗೆಳೆಯರ ದನಿ ಬದಲಾಗುತ್ತದೆ. ಅದು ಬಡವರ ಮೀನು. ಹೆಚ್ಚು ಸಿಕ್ಕ ವರ್ಷ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು, ಅದರ ಎಣ್ಣೆಯನ್ನು ಮರದ ದೋಣಿಗೆ ಬಳಿಯುತ್ತಿದ್ದರು. ಅಷ್ಟು ಹೇರಳವಾಗಿದ್ದದ್ದು ಹೇಳದೆ ಕೇಳದೆ ಕಾಣೆಯಾಗುತ್ತದೆ. ಪಕ್ಕದ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಮುಟ್ಟಲಿಲ್ಲ. ಮರಿಮೀನನ್ನೂ ಬಿಡದೆ ಬಾಚಿದ್ದು ಒಂದು ಕಾರಣ, ಕಡಲಿನ ಬಿಸಿ ಏರುಪೇರಾದದ್ದು ಇನ್ನೊಂದು. ಮುಂಗಾರಿನಲ್ಲಿ ಆಳದ ತಣ್ಣೀರು ಮೇಲೆ ಬಂದು, ಅದರ ಜತೆ ಬಂದ ಸಾರಕ್ಕೆ ಸೂಕ್ಷ್ಮ ಪಾಚಿ ಬೆಳೆದು, ಅದನ್ನು ತಿಂದ ಬೂತಾಯಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಕೊಬ್ಬಿರುತ್ತದೆ. ಕಾವಲಿಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ತಾನು ಬೇಯಬೇಕು.

"ಹಾಗಾದರೆ ಅಕ್ಟೋಬರಿನಲ್ಲಿ ಬನ್ನಿ" ಎಂದರು ಗೆಳೆಯರು. "ಆಗ ಬಂಗುಡೆಯೂ ಉಂಟು, ಬೂತಾಯಿಯ ಅದೃಷ್ಟ ಇದ್ದರೆ ಅದೂ ಉಂಟು. ಸೇಂಟ್ ಮೇರಿಸ್ ದ್ವೀಪಕ್ಕೂ ಬೋಟ್ ಬಿಡ್ತಾರೆ."

ಅಕ್ಟೋಬರ್ ಎಂದೊಡನೆ ಅಕ್ಕನ ತಕರಾರು ಶುರು. ನವರಾತ್ರಿಯ ಒಂಬತ್ತು ದಿನ ಅವಳು ಮೀನು ಮುಟ್ಟುವುದಿಲ್ಲ. ಸೋಮವಾರ ಇಲ್ಲ. ಶನಿವಾರವೂ ಇಲ್ಲ. ಸರ್ಕಾರದ 61 ದಿನಕ್ಕಿಂತ ಅಕ್ಕನ ನಿಷೇಧ ಉದ್ದ. ಕೊನೆಗೆ ವಿಜಯದಶಮಿ ಕಳೆದ ಮೇಲಿನ ವಾರಾಂತ್ಯ ಗೊತ್ತಾಯಿತು. ಶನಿವಾರ ಅವಳದು: ಆಗುಂಬೆಯ ಹದಿನಾಲ್ಕು ತಿರುವು ಇಳಿದು ಮಧ್ಯಾಹ್ನ ಉಡುಪಿ, ಮಠದ ದರ್ಶನ, ರಥಬೀದಿಯಲ್ಲಿ ಮಸಾಲೆದೋಸೆ. ಹಾಗೆ ನೋಡಿದರೆ ಉಡುಪಿಯ ಕೃಷ್ಣನೂ ಮಲ್ಪೆಯ ಕಡಲಿನಿಂದಲೇ ಬಂದವನು. ಬಿರುಗಾಳಿಗೆ ಸಿಕ್ಕ ಹಡಗನ್ನು ದಡ ಸೇರಿಸಿದ್ದಕ್ಕೆ ಪ್ರತಿಯಾಗಿ ಮಧ್ವಾಚಾರ್ಯರು ಕೇಳಿ ಪಡೆದ ಗೋಪಿಚಂದನದ ಗಡ್ಡೆಯೊಳಗೆ ಅವನಿದ್ದ ಎಂಬುದು ಕತೆ. ಅಲ್ಲಿಂದ ಬಂದರಿಗೆ ಆರೇ ಕಿಲೋಮೀಟರ್.

ಭಾನುವಾರ ನಮ್ಮದು. ಬೆಳಗಿನ ಜಾವ ಹರಾಜು, ಆಮೇಲೆ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದು ಶಿಲುಬೆ ನೆಟ್ಟನಂತೆ. ಮಗಳಿಗೆ ಅದಕ್ಕಿಂತ ಅಲ್ಲಿಯ ಕಲ್ಲಿನ ಮೇಲೆ ಕಣ್ಣು. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣ್ಣಗಾಗುತ್ತ ಬಿರುಕುಬಿಟ್ಟು ಆದ ಆರು ಮೂಲೆಯ ಕಂಬಗಳು ಅವು. ದ್ವೀಪದಲ್ಲಿ ಉಳಿಯುವ ವ್ಯವಸ್ಥೆ ಇಲ್ಲದಿರುವುದು ಒಳ್ಳೆಯದೇ ಆಯಿತು, ಮಧ್ಯಾಹ್ನದ ಊಟಕ್ಕೆ ಹಿಂದಿರುಗುತ್ತೇವೆ. ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ, ಕಾಣೆ ಫ್ರೈ. ಎಲ್ಲಿ ಊಟ ಎಂಬುದನ್ನು ಗೆಳೆಯರಿಗೇ ಬಿಟ್ಟಿದ್ದೇನೆ. ದೊಡ್ಡ ಬೋರ್ಡು ನೋಡಿ ಒಳಹೋಗಬೇಡಿ, ಮಧ್ಯಾಹ್ನ ಎರಡು ಗಂಟೆಗೆ "ಬಂಗುಡೆ ಮುಗಿಯಿತು" ಎನ್ನುವ ಕಡೆ ಮಾತ್ರ ಹೋಗಿ ಎಂಬ ಅವರ ಸೂತ್ರ ನನಗೂ ಸರಿ ಕಂಡಿದೆ.

ಎಲ್ಲ ತೀರ್ಮಾನವಾಯಿತು ಎನ್ನುವಾಗ ಒಳಮನೆಯಿಂದ ಅಮ್ಮ ಬಂದಳು. ಅವಳಿಗೆ ಮಂಡಿ ನೋವು, ಪ್ರಯಾಣ ಬೇಡವಂತೆ. "ತಾಜಾ ಮೀನು ನೀವೇ ತಿಂದು ಬನ್ನಿ. ನನಗೆ ಎರಡು ಕೆ.ಜಿ. ಒಣ ನಂಗು, ಒಂದಿಷ್ಟು ಸೀಗಡಿ."

ಭಾವ ಕಾರಿನ ಕೀ ಬೆರಳಲ್ಲಿ ತಿರುಗಿಸುವುದನ್ನು ನಿಲ್ಲಿಸಿದರು. ಹೊಸ ಕಾರು, ಸೀಟಿನ ಕವರ್ ಇನ್ನೂ ಬಿಚ್ಚಿಲ್ಲ. ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಮೇಲೆ ಡಬ್ಬಿಯಲ್ಲಿ ಹಾಕಿ ತರುತ್ತೇವೆ ಎಂದು ನಾನೆಂದೆ. ಒಣಮೀನಿಗೆ ಪ್ಲಾಸ್ಟಿಕ್ ಒಂದು ಲೆಕ್ಕವೇ ಎಂದು ಅವರೆಂದರು. ಅಮ್ಮ ಮಾತಾಡಲಿಲ್ಲ, ಅಳಿಯಂದಿರ ಎದುರು ಅವಳು ವಾದ ಮಾಡುವವಳಲ್ಲ. ಸೀದಾ ಹೋಗಿ ದೊಡ್ಡದೊಂದು ಸ್ಟೀಲ್ ಡಬ್ಬಿ ತೊಳೆದು, ಮುಚ್ಚಳ ಬಿಗಿಯಾಗುತ್ತದೆಯೇ ನೋಡಿ, ಭಾವನ ಚಪ್ಪಲಿಯ ಪಕ್ಕದಲ್ಲೇ ಇಟ್ಟಳು. ಅಕ್ಟೋಬರಿಗೆ ಇನ್ನೂ ಎರಡು ತಿಂಗಳಿತ್ತು.